ತಿದಿಯ ತೂತುಗಳು
(ಮ್ಯೂನಿಕ್‌ನಲ್ಲಿ ಕನ್ನಡ ಓದುಗರ ಸಣ್ಣ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಈ ಕೂಟಕ್ಕೆ ನನ್ನನ್ನು ಕರೆದವರು ‘ವಲಸೆ ಮತ್ತು ನೆನಪು’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಹೇಳಿದ್ದರು. ಆ ವಿಷಯದ ಮೇಲೆ ನಾವೆಲ್ಲ ಸಾಕಷ್ಟು ಮಾತನಾಡಿದ್ದೇವೆ, ಸಾಕಷ್ಟು ಮರುಗಿಯೂ ಇದ್ದೇವೆ. ಹಾಗಾಗಿ ನಾನು ಚೀಲದಲ್ಲಿ ಎರಡು ಹಳೆಯ ಕ್ಯಾಮೆರಾಗಳನ್ನು ತಂದಿದ್ದೇನೆ. ಅವುಗಳನ್ನು ಹೇಗೆ ದುರಸ್ತಿ ಮಾಡಿದೆ, ಹೇಗೆ ನನ್ನ ಕೆಲಸಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡೆ ಎಂಬುದಷ್ಟೇ ಇವತ್ತಿನ ಮಾತು. ನಡುವೆ ರಾಜಕೀಯ ಬಂದರೆ ಮನ್ನಿಸಿ. ಅದನ್ನು ನಾನು ಹೊರಗಿನಿಂದ ತರಲಿಲ್ಲ, ಕ್ಯಾಮೆರಾ ಬಿಚ್ಚಿದಾಗ ಒಳಗೇ ಇತ್ತು.

ಮೊದಲನೆಯದು ಆಗ್ಫಾ ಐಸೊಲೆಟ್. 1950ರ ದಶಕದ್ದು. ಇದೇ ಊರಿನ ಹಳೆ ಸಾಮಾನಿನ ಸಂತೆಯಲ್ಲಿ, ಒಡೆದ ಕಾಫಿ ಬಟ್ಟಲುಗಳ ಪಕ್ಕದಲ್ಲಿ ಬಿದ್ದಿತ್ತು. ಹನ್ನೆರಡು ಯೂರೊ ಕೊಟ್ಟೆ. ಮಡಿಸಿದರೆ ಕೋಟಿನ ಜೇಬಿಗೆ ಇಳಿಯುತ್ತದೆ. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ತೆರೆದು, ಕಪ್ಪು ತಿದಿಯ ತುದಿಯಲ್ಲಿ ಕುಳಿತ ಮಸೂರ ಮುಂದೆ ಬಂದು ನಿಲ್ಲುತ್ತದೆ. ಕಮ್ಮಾರನ ಕುಲುಮೆಯಲ್ಲಿ ಗಾಳಿ ಊದುವ ತಿದಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕ್ಯಾಮೆರಾದ ಬೆಲ್ಲೋಸ್‌ಗೆ ನಾನು ಅದೇ ಪದವನ್ನು ಬಳಸುತ್ತೇನೆ. ಅಲ್ಲಿ ಅದು ಗಾಳಿಯನ್ನು ಹಿಡಿದಿಡುತ್ತದೆ, ಇಲ್ಲಿ ಕತ್ತಲೆಯನ್ನು.

ಇದಕ್ಕೆ ಹಾಕುವ ಫಿಲ್ಮಿನ ಹೆಸರು 120. ಕೋಡಕ್ ಕಂಪನಿ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ 1901ರಲ್ಲಿ ತಂದ ಅಳತೆ ಇದು. ಸುಮಾರು ಆರು ಸೆಂಟಿಮೀಟರ್ ಅಗಲದ ಫಿಲ್ಮು, ಅದರ ಬೆನ್ನಿಗೆ ಅಂಕಿ ಮುದ್ರಿಸಿದ ಕಾಗದ. ಸೋಜಿಗವೆಂದರೆ ಇಂದಿಗೂ ಅದು ತಯಾರಾಗುತ್ತಿದೆ. ನಾಳೆ ಬೆಳಿಗ್ಗೆ ನೀವು ಅಂಗಡಿಯಲ್ಲಿ ಕೊಂಡು ತರಬಹುದು. ಎಪ್ಪತ್ತು ವರ್ಷದ ಈ ಯಂತ್ರ ಬದುಕಿರುವುದು ನಮ್ಮ ಹಳಹಳಿಕೆಯಿಂದಲ್ಲ, ಆ ಒಂದು ಅಳತೆಯನ್ನು ಯಾರೂ ಕೊಲ್ಲಲಿಲ್ಲವೆಂಬ ಕಾರಣದಿಂದ. ಆರು-ಆರರ ಒಂದು ನೆಗೆಟಿವ್ ಸಾಮಾನ್ಯ 35 ಮಿ.ಮೀ. ನೆಗೆಟಿವ್‌ಗಿಂತ ಮೂರೂವರೆ ಪಟ್ಟು ದೊಡ್ಡದು. ಮುಖದ ಗೆರೆ, ಅಂಗಿಯ ನೂಲು ಎಲ್ಲವೂ ಅದರಲ್ಲಿ ಇಳಿಯುತ್ತವೆ.

ನಮ್ಮ ಊರುಗಳಲ್ಲೂ 120 ಇತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮೆರಾ ನಮ್ಮ ಚಿಕ್ಕಪ್ಪನ ಬಳಿ ಇತ್ತು. ಅದರೊಳಕ್ಕೆ ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸಿದ ‘ಇಂದು’ ಫಿಲ್ಮು. ಒಂದು ಸುರುಳಿಗೆ ಹನ್ನೆರಡು ಚಿತ್ರ, ಒಂದು ವರ್ಷಕ್ಕೆ ಒಂದು ಸುರುಳಿ. ನನ್ನ ಬಾಲ್ಯದ ಏಳು ಚಿತ್ರಗಳು ಉಳಿದಿವೆ. ಎಲ್ಲದರಲ್ಲೂ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದೇನೆ. ಆ ಕ್ಯಾಮೆರಾಕ್ಕೆ ಬಿಸಿಲಿಲ್ಲದೆ ಏನೂ ಕಾಣುತ್ತಿರಲಿಲ್ಲ.

ಐಸೊಲೆಟ್‌ಗೆ ಎರಡು ಪ್ರಸಿದ್ಧ ಕಾಯಿಲೆಗಳಿವೆ. ನೀವು ಯಾವ ದೇಶದಲ್ಲಿ ಕೊಂಡರೂ ಬಹುತೇಕ ಇವೆರಡೂ ಇರುತ್ತವೆ. ಒಂದು, ಮಸೂರದ ಫೋಕಸ್ ಉಂಗುರಕ್ಕೆ ಕಾರ್ಖಾನೆಯಲ್ಲಿ ಸವರಿದ್ದ ಹಸಿರು ಗ್ರೀಸು ದಶಕಗಳಲ್ಲಿ ಗಟ್ಟಿಯಾಗಿ ಗೋಂದಿನಂತಾಗಿರುತ್ತದೆ. ಉಂಗುರ ತಿರುಗುತ್ತಿದೆಯೆಂದು ನೀವು ಸಂತೋಷಪಡುತ್ತೀರಿ. ವಾಸ್ತವದಲ್ಲಿ ಮುಂದಿನ ಗಾಜು ಮತ್ತು ನಡುವಿನ ಗಾಜು ಒಂದಕ್ಕೊಂದು ಅಂಟಿಕೊಂಡು ಜೊತೆಯಾಗಿ ತಿರುಗುತ್ತಿರುತ್ತವೆ. ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ, ಚಿತ್ರ ಸ್ಫುಟವಾಗುವುದಿಲ್ಲ. ನನ್ನ ಮೊದಲ ಸುರುಳಿಯ ಹನ್ನೆರಡೂ ಚಿತ್ರಗಳು ಮಂಜಿನಲ್ಲಿ ತೆಗೆದಂತಿದ್ದವು.

ಇದಕ್ಕೆ ಮದ್ದು ತಾಳ್ಮೆ ಮತ್ತು ಸಿಗರೇಟ್ ಲೈಟರಿಗೆ ತುಂಬುವ ಇಂಧನ. ತಲೆಗೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಬಿಸಿ ಮಾಡಿ, ಇಂಧನದ ಹನಿ ಬಿಟ್ಟು, ರಾತ್ರಿಯಿಡೀ ಕಾದು, ಮತ್ತೆ ಬಿಸಿ ಮಾಡಿ, ನಾಲ್ಕನೆಯ ದಿನ ಗಾಜುಗಳು ಬೇರೆಯಾದವು. ಹಳೆಯ ಗ್ರೀಸನ್ನು ಒರೆಸಿ ತೆಗೆದು ಹೊಸದನ್ನು ಸೂಜಿಮೊನೆಯಷ್ಟು ಸವರಿದ ಮೇಲೆ ಅನಂತ ದೂರವನ್ನು ಮತ್ತೆ ಹೊಂದಿಸಬೇಕು. ಫಿಲ್ಮು ಕೂರುವ ಜಾಗದಲ್ಲಿ ಪಾರದರ್ಶಕ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ತೆರೆದಿಟ್ಟು, ಅರ್ಧ ಮೈಲಿ ದೂರದ ಚರ್ಚಿನ ಗೋಪುರಕ್ಕೆ ಗುರಿ ಹಿಡಿದು, ಭೂತಗನ್ನಡಿಯಿಂದ ನೋಡುತ್ತಾ ಗೋಪುರದ ತುದಿ ಚೂಪಾಗುವ ಬಿಂದುವಿನಲ್ಲಿ ಉಂಗುರದ ಮೂರು ಪುಟ್ಟ ತಿರುಪುಗಳನ್ನು ಬಿಗಿ ಮಾಡಬೇಕು. ತಲೆಕೆಳಗಾದ ಗೋಪುರ ಕಾಗದದ ಮೇಲೆ ಮೂಡಿದಾಗ ನನ್ನ ಮಗಳು ‘ಅಪ್ಪಾ, ಇದರಲ್ಲಿ ಬ್ಯಾಟರಿ ಎಲ್ಲಿದೆ?’ ಎಂದು ಕೇಳಿದಳು. ಇಲ್ಲವೆಂದರೆ ನಂಬಲಿಲ್ಲ.

ಎರಡನೆಯ ಕಾಯಿಲೆ ತಿದಿಯದು. ಕತ್ತಲ ಕೋಣೆಯಲ್ಲಿ ಒಂದು ಪುಟ್ಟ ಟಾರ್ಚನ್ನು ತಿದಿಯ ಒಳಗಿಟ್ಟು ನೋಡಿ. ಮಡಿಕೆಯ ಮೂಲೆಮೂಲೆಗಳಲ್ಲಿ ನಕ್ಷತ್ರಗಳು ಕಾಣುತ್ತವೆ. ಪ್ರತಿ ನಕ್ಷತ್ರವೂ ನಿಮ್ಮ ಚಿತ್ರದ ಮೇಲೆ ಒಂದು ಬಿಳಿ ಮಚ್ಚೆ. ಎರಡೋ ಮೂರೋ ಇದ್ದರೆ ಕಪ್ಪು ಬಣ್ಣ ಬೆರೆಸಿದ ರಬ್ಬರ್ ಅಂಟು ಹಚ್ಚಿ ಮುಚ್ಚಬಹುದು. ನನ್ನದರಲ್ಲಿ ಇಡೀ ಸಪ್ತರ್ಷಿ ಮಂಡಲವಿತ್ತು. ಹೊಸ ತಿದಿ ಮಾಡದೆ ವಿಧಿಯಿರಲಿಲ್ಲ.

ತಿದಿ ಮಾಡುವ ಕ್ರಮ ಹೇಳಲು ಸುಲಭ. ಹಳೆಯದನ್ನು ಎಸೆಯುವ ಮುನ್ನ ಅದರ ಮಡಿಕೆಗಳನ್ನು ಎಣಿಸಿ, ಅಳೆದು, ಕಾಗದದ ಮೇಲೆ ನಕ್ಷೆ ಬರೆದುಕೊಳ್ಳಿ. ಬೆಳಕು ತೂರದ ತೆಳು ಕಪ್ಪು ಬಟ್ಟೆಯೊಂದು ಒಳಗೆ, ತೆಳುವಾದ ಚರ್ಮ ಹೊರಗೆ. ಇವೆರಡರ ನಡುವೆ ರಟ್ಟಿನ ಸಣ್ಣ ಪಟ್ಟಿಗಳು. ಪಟ್ಟಿಪಟ್ಟಿಯ ನಡುವೆ ಒಂದು ಮಿಲಿಮೀಟರಿನಷ್ಟು ತೆರವು, ಏಕೆಂದರೆ ಮಡಿಕೆ ಬೀಳುವುದು ಅಲ್ಲಿಯೇ. ಅಂಟಿಸಿ, ಕೊಳವೆಯಾಗಿ ಸುತ್ತಿ, ಒಂದು ಮಡಿಕೆ ಒಳಕ್ಕೆ ಒಂದು ಮಡಿಕೆ ಹೊರಕ್ಕೆ ಚಿವುಟುತ್ತಾ ಹೋಗಿ, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಸಮಗ್ರ ಸಾಹಿತ್ಯದ ಸಂಪುಟಗಳು ಈ ಕೆಲಸಕ್ಕೆ ಬಹಳ ಒಳ್ಳೆಯವು.

ನನ್ನ ಮೊದಲ ತಿದಿ ಎಷ್ಟು ದಪ್ಪವಾಗಿತ್ತೆಂದರೆ ಕ್ಯಾಮೆರಾದ ಮುಚ್ಚಳವೇ ಮುಚ್ಚಲಿಲ್ಲ. ಎರಡನೆಯದು ತೆರೆದಾಗ ನಡುವೆ ಜೋತುಬಿದ್ದು ಬೆಳಕಿನ ದಾರಿಗೆ ಅಡ್ಡ ಬಂದು, ಚಿತ್ರದ ಕೆಳಮೂಲೆಗಳನ್ನು ನುಂಗಿತು. ಮೂರನೆಯದಕ್ಕಾಗಿ ಚರ್ಮವನ್ನು ಕಾಗದದಷ್ಟು ತೆಳುವಾಗಿ ಹೆರೆಯಬೇಕಾಯಿತು. ಗೆಳೆಯರೆ, ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ಚರ್ಮ ಹೆರೆಯುವ ಚಾಕುವಿಗೆ ನಮ್ಮಲ್ಲಿ ರಂಪಿಗೆ ಎನ್ನುತ್ತಾರೆ. ನಮ್ಮೂರ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ಕೂರುತ್ತಿದ್ದರು. ಅವರ ರಂಪಿಗೆ ಚರ್ಮದ ಮೇಲೆ ಹೇಗೆ ಜಾರುತ್ತಿತ್ತೆಂಬುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೂಲಿಯನ್ನು ನಮ್ಮ ತಂದೆ ಅವರ ಕೈಗೆ ಕೊಡುತ್ತಿರಲಿಲ್ಲ, ಪಕ್ಕದ ಕಲ್ಲಿನ ಮೇಲೆ ಇಡುತ್ತಿದ್ದರು. ತಂದೆ ಊರಲ್ಲಿಲ್ಲದ ದಿನ ನನ್ನನ್ನು ಕಳಿಸಿದಾಗ ನಾನೂ ಕಲ್ಲಿನ ಮೇಲೆಯೇ ಇಟ್ಟೆ. ಹೇಳಿಕೊಡಬೇಕಾಗಿರಲಿಲ್ಲ, ನೋಡಿಯೇ ಕಲಿತಿದ್ದೆ. ಅವರ ಹೆಸರು ನನಗೆ ಗೊತ್ತಿಲ್ಲ.

ನಲವತ್ತೈದನೆಯ ವಯಸ್ಸಿನಲ್ಲಿ, ಇನ್ನೊಂದು ದೇಶದ ಅಡುಗೆಮನೆಯ ಮೇಜಿನ ಮೇಲೆ, ಆಡಿನ ಚರ್ಮವನ್ನು ಹರಡಿಕೊಂಡು ನಾನು ಹೆರೆಯುತ್ತಿದ್ದೆ. ಮೂರು ಸಲ ತೂತು ಮಾಡಿದೆ. ಸಹೋದ್ಯೋಗಿಗಳು ನೋಡಿ ಎಂಥ ಸೊಗಸಾದ ಹವ್ಯಾಸವೆಂದು ಮೆಚ್ಚಿದರು. ಅದೇ ಕೆಲಸ ನನ್ನ ಕೈಯಲ್ಲಿ ಹವ್ಯಾಸ, ಬೇವಿನ ಮರದ ಕೆಳಗೆ ಜಾತಿ. ಈ ಹೊತ್ತಿಗೆ ಯುರೋಪಿನಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಮಾತಿಗೆ ದೊಡ್ಡ ಬೆಲೆಯಿದೆ. ಆ ಮಾತನ್ನು ಕೇಳಿದಾಗಲೆಲ್ಲ ಯಾರ ಕೈ ಎಂದು ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಇದರಿಂದ ನನ್ನ ಹಳೆಯ ಲೆಕ್ಕ ಚುಕ್ತಾ ಆಗುತ್ತದೆಂಬ ಭ್ರಮೆ ನನಗಿಲ್ಲ.

ಚರ್ಮದ ಮಾತು ಬಂತಾದ್ದರಿಂದ ಒಂದು ಉಪಕಥೆ. ಫಿಲ್ಮಿನ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಡುವುದು ಜೆಲಟಿನ್. ಅದು ಮುಖ್ಯವಾಗಿ ದನಗಳ ಮೂಳೆ ಮತ್ತು ಚರ್ಮದಿಂದ ಬರುತ್ತದೆ. ಅದಕ್ಕೆ ಸರಿಸಾಟಿಯಾದ ಬದಲಿಯನ್ನು ಫಿಲ್ಮು ಉದ್ಯಮ ಇನ್ನೂ ಬಳಕೆಗೆ ತಂದಿಲ್ಲ. ನಮ್ಮ ಮನೆಗಳ ದೇವರ ಕೋಣೆಯ ಪಕ್ಕದಲ್ಲಿ ಗಂಧದ ಹಾರ ಹಾಕಿಸಿಕೊಂಡು ತೂಗುತ್ತಿರುವ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಚಿತ್ರಗಳೆಲ್ಲ ಅದೇ ಜೆಲಟಿನ್ನಿನ ಮೇಲೆ ನಿಂತಿವೆ. 2020ರ ಗೋಹತ್ಯೆ ಕಾಯಿದೆಯ ಪರವಾಗಿ ಫೋನಿನಲ್ಲಿ ಉದ್ದುದ್ದ ಸಂದೇಶ ಕಳಿಸುತ್ತಿದ್ದ ಬಂಧುವೊಬ್ಬರಿಗೆ ನಾನಿದನ್ನು ವಿನಯದಿಂದಲೇ ತಿಳಿಸಿದೆ. ಅಂದಿನಿಂದ ಸಂದೇಶಗಳು ನಿಂತಿವೆ.

ಈಗ ಐಸೊಲೆಟ್‌ನ ಹುಟ್ಟೂರಿಗೆ ಬರೋಣ. ಅದು ಈ ಊರೇ. ಆಗ್ಫಾದ ಕ್ಯಾಮೆರಾ ಕಾರ್ಖಾನೆ ಇದ್ದದ್ದು ಗೀಸಿಂಗ್ ಬಡಾವಣೆಯಲ್ಲಿ. 1980ರ ದಶಕದ ಆರಂಭದಲ್ಲಿ ಕ್ಯಾಮೆರಾ ತಯಾರಿಕೆ ನಿಂತುಹೋಯಿತು. 2008ರಲ್ಲಿ ಅಲ್ಲಿಯ ಎತ್ತರದ ಆಗ್ಫಾ ಕಟ್ಟಡವನ್ನು ಸಿಡಿಸಿ ಕೆಡವಿದರು. ನನ್ನ ತಿದಿ ಮೊದಲ ಬಾರಿಗೆ ಬೆಳಕು ಸೋರದೆ ನಿಂತಾಗ, ಕ್ಯಾಮೆರಾವನ್ನು ಅದು ಹುಟ್ಟಿದ ಜಾಗಕ್ಕೇ ಕೊಂಡೊಯ್ದು ಒಂದು ಚಿತ್ರ ತೆಗೆಯೋಣವೆಂಬ ಹುಡುಗಾಟದ ಯೋಚನೆ ಬಂತು. ಹೋಗುವ ಮೊದಲು ಆ ಜಾಗದ ಬಗ್ಗೆ ಸ್ವಲ್ಪ ಓದಿದೆ. ಹುಡುಗಾಟ ಅಲ್ಲಿಗೆ ಮುಗಿಯಿತು.

ಆಗ್ಫಾ ಆ ಕಾಲಕ್ಕೆ ಐ.ಜಿ. ಫಾರ್ಬೆನ್ ಎಂಬ ದೈತ್ಯ ಕೂಟದ ಭಾಗ. 1944ರ ಶರತ್ಕಾಲದಿಂದ ಗೀಸಿಂಗ್ ಕಾರ್ಖಾನೆಯಲ್ಲಿ ಸುಮಾರು 500 ಹೆಣ್ಣುಮಕ್ಕಳನ್ನು ಕೈದಿಗಳಾಗಿ ದುಡಿಸಿಕೊಂಡರು. ಅದು ಡಾಖಾವ್ ಯಾತನಾ ಶಿಬಿರದ ಒಂದು ಉಪಶಿಬಿರ. ಹೆಚ್ಚಿನವರು ಪೋಲೆಂಡ್ ಮತ್ತು ನೆದರ್‌ಲ್ಯಾಂಡ್ಸಿನವರು. ಅವರಿಂದ ಮಾಡಿಸುತ್ತಿದ್ದದ್ದು ಕ್ಯಾಮೆರಾಗಳನ್ನಲ್ಲ, ಸ್ಫೋಟಕಗಳು ಗೊತ್ತಾದ ಕ್ಷಣಕ್ಕೆ ಸಿಡಿಯುವಂತೆ ಮಾಡುವ ಕಾಲಮಾಪಕ ಯಂತ್ರಗಳನ್ನು. ಶಟರನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಶಟರ್ ಎಂದರೆ ಒಂದು ಪುಟ್ಟ ಗಡಿಯಾರ, ಹಲ್ಲುಚಕ್ರ, ಸುರುಳಿ ಸ್ಪ್ರಿಂಗು. ಸೆಕೆಂಡಿನ ಭಾಗವನ್ನು ಅಳೆಯುವ ಅಂಥ ಸೂಕ್ಷ್ಮ ಕೆಲಸ ಬಲ್ಲ ಕಾರ್ಖಾನೆಯನ್ನು ಯುದ್ಧ ಬೇರೆ ಅಳತೆಗೆ ತಿರುಗಿಸಿತು.

1945ರ ಜನವರಿಯಲ್ಲಿ ಆ ಹೆಣ್ಣುಮಕ್ಕಳಲ್ಲಿ ಡಚ್ಚರು ಕೆಲಸ ನಿಲ್ಲಿಸಿದರು. ಊಟವೆಂದು ಕೊಡುತ್ತಿದ್ದ ನೀರುಸಾರು ದಿನದಿನಕ್ಕೂ ತೆಳುವಾಗುತ್ತಿತ್ತು, ಮಾಡಬೇಕಾದ ಕೆಲಸದ ಪ್ರಮಾಣ ಏರುತ್ತಿತ್ತು. ಯಾತನಾ ಶಿಬಿರದ ಕೈದಿಗಳು ಮುಷ್ಕರ ಹೂಡಿದ್ದರು! ನಾನು ಈ ಊರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಕಾರ್ಮಿಕ ಸಂಘದ ಸದಸ್ಯನೂ ಹೌದು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಕಾವಲಿನವರು ಅವರನ್ನು ದಕ್ಷಿಣಕ್ಕೆ ನಡೆಸಿಕೊಂಡು ಹೊರಟರು. ವೋಲ್ಫ್‌ರಾಟ್ಸ್‌ಹೌಸೆನ್ ಬಳಿ ಅಮೆರಿಕದ ಸೈನಿಕರು ಬಂದು ಬಿಡಿಸಿದರು. ಕೆಲವು ವರ್ಷಗಳಲ್ಲಿ ಅದೇ ಕಾರ್ಖಾನೆಯಿಂದ, ಕುಟುಂಬದ ಪ್ರವಾಸದ ಸುಖದ ಕ್ಷಣಗಳಿಗಾಗಿ, ನನ್ನ ಈ ಐಸೊಲೆಟ್ ಹೊರಬಂತು.

ನಾನು ಅಲ್ಲಿಗೆ ಹೋದೆ. ವಸತಿ ಕಟ್ಟಡಗಳು, ಸೈಕಲ್ಲುಗಳು, ಒಂದು ಬೇಕರಿ. ಕ್ಯಾಮೆರಾ ತೆರೆದೆ, ಮತ್ತೆ ಮಡಿಸಿದೆ. ಏನನ್ನು ತೆಗೆಯಬೇಕೆಂದು ತಿಳಿಯಲಿಲ್ಲ.

ಎರಡನೆಯ ಕ್ಯಾಮೆರಾ ಕೋಡಕ್ 1ಎ. ಇದು ಐಸೊಲೆಟ್‌ಗಿಂತ ಹಳೆಯದು, ನೂರು ವರ್ಷ ದಾಟಿದ್ದು, ತಿದಿ ಮಾತ್ರ ಅಚ್ಚುಕಟ್ಟಾಗಿದೆ. ತೊಂದರೆ ಬೇರೆ. ಇದಕ್ಕೆ ಬೇಕಾದ 116 ಎಂಬ ಫಿಲ್ಮನ್ನು ಕೋಡಕ್ 1984ರಲ್ಲಿ ನಿಲ್ಲಿಸಿತು. ಇದೇ ಕಂಪನಿ 1932ರಲ್ಲಿ 620 ಎಂಬ ಇನ್ನೊಂದು ಅಳತೆಯನ್ನು ತಂದಿತ್ತು. ಅದರ ಫಿಲ್ಮು 120ರ ಫಿಲ್ಮೇ, ಕದಿರು ಮಾತ್ರ ಸ್ವಲ್ಪ ತೆಳುವು. ನಮ್ಮ ಕ್ಯಾಮೆರಾ ಕೊಂಡವರು ನಮ್ಮ ಫಿಲ್ಮನ್ನೇ ಕೊಳ್ಳಲಿ ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ. 1995ರಲ್ಲಿ ಅದನ್ನೂ ನಿಲ್ಲಿಸಿದರು. ಪ್ರಿಂಟರಿನ ಶಾಯಿ ಡಬ್ಬಿಗಳ ಜೊತೆ ಗುದ್ದಾಡಿರುವ ನಿಮಗೆ ಈ ತಂತ್ರವನ್ನು ವಿವರಿಸಬೇಕಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ ಬಟ್ಟೆ ತೊಳೆಯುವ ಯಂತ್ರವಿದೆ, ಫೋನಿದೆ, ಕ್ಯಾಮೆರಾ ಇಲ್ಲ. ನಾವು ಕಾಯಬೇಕಿಲ್ಲ. 620ರ ಕ್ಯಾಮೆರಾ ಸಿಕ್ಕವರು ಕತ್ತಲಲ್ಲಿ ಕುಳಿತು 120ರ ಫಿಲ್ಮನ್ನು ಹಳೆಯ ಕದಿರಿಗೆ ಸುತ್ತಿಕೊಂಡರೆ ಆಯಿತು, ಹತ್ತು ನಿಮಿಷದ ಕೆಲಸ.

116 ಅಷ್ಟು ಸುಲಭವಲ್ಲ. ಅದರ ಫಿಲ್ಮು ಸುಮಾರು ಏಳು ಸೆಂಟಿಮೀಟರ್ ಅಗಲ, 120 ಆರು. ಕದಿರಿನ ಎರಡು ತುದಿಗೂ ಏನಾದರೂ ಸಿಕ್ಕಿಸಿ ಉದ್ದ ಮಾಡಬೇಕು. ಈಗ ಥ್ರೀಡಿ ಪ್ರಿಂಟರಿನಲ್ಲಿ ಈ ತುಂಡುಗಳನ್ನು ಮಾಡಿಕೊಳ್ಳುತ್ತಾರೆ. ನಾನು ಗೋಡೆಯ ತೂತಿಗೆ ಬಡಿಯುವ ಪ್ಲಾಸ್ಟಿಕ್ ಪ್ಲಗ್ಗನ್ನು, ಇಲ್ಲಿಯವರು ಡ್ಯೂಬೆಲ್ ಎನ್ನುತ್ತಾರಲ್ಲ ಅದನ್ನು, ಕತ್ತರಿಸಿ ಉಜ್ಜಿ ಕೂರಿಸಿದೆ. ನಂತರದ ತೊಡಕೆಂದರೆ ಚಿತ್ರದ ಚೌಕಟ್ಟೇ ಹೊಸ ಫಿಲ್ಮಿಗಿಂತ ಅಗಲ, ಫಿಲ್ಮು ಅದರೊಳಕ್ಕೆ ಬಿದ್ದುಹೋಗುತ್ತದೆ. ಎರಡೂ ಅಂಚಿಗೆ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸಿ ಚೌಕಟ್ಟನ್ನು ಕಿರಿದು ಮಾಡಬೇಕು. ಬೆನ್ನಿನ ಕೆಂಪು ಕಿಟಕಿಯ ಮೇಲೂ ಕಪ್ಪು ಪಟ್ಟಿ ಬೇಕು. ಅದನ್ನು ಮಾಡಿದ ಕಾಲದ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಇಂದಿನದಕ್ಕೆ ಕಾಣುತ್ತದೆ. ಅಂಕಿಗಳು ಹೊಂದುವುದಿಲ್ಲವಾದ್ದರಿಂದ ಒಂದು ಸುರುಳಿಯನ್ನು ಬಲಿಕೊಟ್ಟು, ಬೆನ್ನು ತೆರೆದಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿದೆ. ನನ್ನದರಲ್ಲಿ ನಡುಸಾಲಿನ ಎರಡೆರಡು ಅಂಕಿಗೆ ಒಂದು ಚಿತ್ರ, ಒಂದು ಸುರುಳಿಗೆ ಆರು. ಮಸೂರದ ಮೇಲೆ ಬರೆದ ರಂಧ್ರದ ಸಂಖ್ಯೆಗಳನ್ನೂ ನಂಬಬೇಡಿ. ಹಳೆಯ ಕೋಡಕ್‌ಗಳಲ್ಲಿ ಅವು ಬೇರೆ ಪದ್ಧತಿಯವು. ಅಲ್ಲಿಯ 4 ಎಂದರೆ ಇಂದಿನ ಎಫ್ 8. ಹದಿನಾರು ಮಾತ್ರ ಅಂದಿಗೂ ಹದಿನಾರು, ಇಂದಿಗೂ ಹದಿನಾರು.

ಇಷ್ಟೆಲ್ಲ ಮಾಡಿದ್ದು ಯಾಕೆ? ಆರು-ಹನ್ನೊಂದು ಸೆಂಟಿಮೀಟರಿನ ನೆಗೆಟಿವ್ ಅಂಗೈಯಷ್ಟಿರುತ್ತದೆ. ಅದನ್ನು ಹಿಗ್ಗಿಸುವ ಯಂತ್ರ ಬೇಡ, ಕಾಗದದ ಮೇಲಿಟ್ಟು ಬಲ್ಬು ಹಾಕಿದರೆ ನೋಡಬಹುದಾದ ಚಿತ್ರ ಸಿದ್ಧ. ಈ ಅಗ್ಗದ ದಾರಿಗೆ ಇಲ್ಲಿ ಒಂದು ಪರಂಪರೆಯೂ ಇದೆ. 1926ರಲ್ಲಿ ವಿಲ್ಲಿ ಮ್ಯೂನ್ಸೆನ್‌ಬೆರ್ಗ್‌ನ ಸಚಿತ್ರ ವಾರಪತ್ರಿಕೆ, ಜರ್ಮನರು ಎ.ಐ.ಝಡ್. ಎಂದು ಕರೆಯುತ್ತಿದ್ದದ್ದು, ಕಾರ್ಮಿಕರ ಬದುಕಿನ ಚಿತ್ರಗಳು ಸಿಗದೆ ಕಾರ್ಮಿಕರನ್ನೇ ಚಿತ್ರ ಕಳಿಸಲು ಕರೆಯಿತು. ಅದೇ ವರ್ಷ ಕಾರ್ಮಿಕ ಛಾಯಾಗ್ರಾಹಕರ ಸಂಘ ಹುಟ್ಟಿತು, ‘ಡೆರ್ ಆರ್ಬೈಟರ್-ಫೋಟೊಗ್ರಾಫ್’ ಎಂಬ ಪತ್ರಿಕೆಯೂ ಬಂತು. ಮನೆಯಲ್ಲೇ ಫಿಲ್ಮು ತೊಳೆಯುವುದು, ಕಡಿಮೆ ಖರ್ಚಿನಲ್ಲಿ ಚಿತ್ರ ಮಾಡುವುದು ಆ ಪತ್ರಿಕೆಗೆ ಸಿದ್ಧಾಂತದಷ್ಟೇ ಮುಖ್ಯವಾಗಿತ್ತು. 1933ರಲ್ಲಿ ನಾಜಿಗಳು ಎಲ್ಲವನ್ನೂ ಹೊಸಕಿದರು.

ನಾನು ಅವರ ಸಾಲಿನವನಲ್ಲ. ತಿಂಗಳ ಸಂಬಳದ ಕಚೇರಿ ನೌಕರ, ಒಂದು ಸುರುಳಿ ಫಿಲ್ಮಿಗೆ ಎಂಟೋ ಹತ್ತೋ ಯೂರೊ ಸುರಿಯಬಲ್ಲವನು. ‘ನಿಧಾನದ ಛಾಯಾಗ್ರಹಣ’ ಎಂದು ಇದನ್ನು ಹಾಡಿ ಹೊಗಳುವವರಿಗೆ ಬಿಡುವೆಂಬ ಸಿರಿವಂತಿಕೆ ಇರುತ್ತದೆ, ನನಗೂ ಇದೆ. ಆದರೂ ಈ ಕ್ಯಾಮೆರಾ ಹಿಡಿದು ನಮ್ಮವರ ಚಿತ್ರಗಳನ್ನು ತೆಗೆಯಬೇಕೆನ್ನಿಸಿತು. ಸುಂದರ ವಾರಾಂತ್ಯಗಳನ್ನಲ್ಲ, ನಮ್ಮವರು ಇಲ್ಲಿ ದುಡಿಯುವುದನ್ನು. ವೃದ್ಧಾಶ್ರಮದ ನರ್ಸು, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಎಂಜಿನಿಯರಿಂಗ್ ಪದವೀಧರ, ಊಟದ ಪೊಟ್ಟಣ ಹೊತ್ತು ಹಿಮದಲ್ಲಿ ಸೈಕಲ್ ತುಳಿಯುವ ವಿದ್ಯಾರ್ಥಿ.

ಈ ಕ್ಯಾಮೆರಾದಲ್ಲಿ ಕದ್ದು ಚಿತ್ರ ತೆಗೆಯಲಾಗದು. ದೂರವನ್ನು ಅಳತೆಪಟ್ಟಿಯಲ್ಲಿ ಅಳೆಯಬೇಕು, ಪಟ್ಟಿಯ ಒಂದು ತುದಿಯನ್ನು ಎದುರಿಗಿರುವವರ ಕೈಗೆ ಕೊಡಬೇಕು. ಕಲಬುರಗಿ ಕಡೆಯ ಹುಡುಗನೊಬ್ಬ, ಕಿತ್ತಳೆ ಬಣ್ಣದ ಚೀಲ ಹೊತ್ತವನು, ಪಟ್ಟಿಯ ತುದಿಯನ್ನು ಹಿಡಿದವನು ಹಾಗೇ ಕೆಳಗಿಳಿಸಿದ.

‘ಬ್ಯಾಡ್ರಿ ಸರ್. ಊರಾಗ ನೋಡಿದ್ರ ಮುಗೀತು. ಅವ್ವ-ಅಪ್ಪಗ ನಾ ಆಫೀಸಿನ್ಯಾಗ ಅದೀನಿ ಅಂತ ಹೇಳೀನ್ರಿ.’

ನಾನು ಪಟ್ಟಿ ಸುತ್ತಿಕೊಂಡೆ. ಸ್ವಲ್ಪ ಹೊತ್ತು ಕ್ಯಾಮೆರಾದ ಬಗ್ಗೆ ಕೇಳಿದ, ತಿದಿಯನ್ನು ಮುಟ್ಟಿ ನೋಡಿದ. ಆಮೇಲೆ ಕೇಳಿದ, ‘ಇದು ಎಲ್ಲೂ ಹೋಗಂಗಿಲ್ಲಲ್ರಿ? ನೆಟ್‌ನ್ಯಾಗ?’ ಇದು ಒಂದು ವಸ್ತು, ನಾನು ಸ್ಕ್ಯಾನ್ ಮಾಡದಿದ್ದರೆ ಎಲ್ಲೂ ಹೋಗದು, ನೆಗೆಟಿವನ್ನು ನಿನಗೇ ಕೊಡುತ್ತೇನೆ ಎಂದೆ. ಯೋಚಿಸಿದ. ನಿಂತ. ಎರಡು ಮೀಟರ್, ಎಫ್ 16, ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ. ಎರಡು ವಾರದ ನಂತರ ನೆಗೆಟಿವ್ ಮತ್ತು ಒಂದೇ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟೆ. ನೆಗೆಟಿವನ್ನು ಬೀದಿದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಬೆಳಕಿಗೆ ಅವನ ಚೀಲ ಕಪ್ಪಾಗಿ, ಮುಖವೂ ಕಪ್ಪಾಗಿ, ಹಿಂದಿನ ಕತ್ತಲ ಬಾಗಿಲು ಬೆಳ್ಳಗೆ ಕಂಡಿರಬೇಕು. ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಹೀಗಾಗಿ ನಿಮಗೆ ತೋರಿಸಲು ನನ್ನ ಬಳಿ ಆ ಚಿತ್ರವಿಲ್ಲ. ಇದುವರೆಗೆ ತೆಗೆದ ನಲವತ್ತೊಂದು ಚಿತ್ರಗಳಲ್ಲಿ ಹದಿನೇಳು ನನ್ನ ಬಳಿ ಇಲ್ಲ. ಪ್ರದರ್ಶನ ಮಾಡಿ ಎಂದು ಕೇಳಿದ ಸಂಪಾದಕ ಮಿತ್ರರಿಗೆ ಇದೇ ಉತ್ತರ ಕೊಟ್ಟಿದ್ದೇನೆ. ಉಳಿದ ಇಪ್ಪತ್ತನಾಲ್ಕು ಈ ಪೆಟ್ಟಿಗೆಯಲ್ಲಿವೆ. ಅವುಗಳಲ್ಲಿರುವವರು ತೋರಿಸಬಹುದೆಂದು ಹೇಳಿದ್ದಾರೆ.

ಎರಡೂ ಕ್ಯಾಮೆರಾಗಳನ್ನು ಮೇಜಿನ ಮೇಲೆ ಇಡುತ್ತೇನೆ, ಮುಟ್ಟಿ ನೋಡಿ. ತೆರೆಯುವಾಗ ಮುಚ್ಚಳವನ್ನು ಬೆರಳಿನಿಂದ ತಡೆದು ನಿಧಾನ ಬಿಡಿ. ಥಟ್ಟನೆ ತೆರೆದರೆ ತಿದಿ ಗಾಳಿಯನ್ನು ಎಳೆದುಕೊಂಡು ಫಿಲ್ಮನ್ನು ಜಾಗದಿಂದ ಕದಲಿಸುತ್ತದೆ. ಕೋಡಕ್‌ನಲ್ಲಿ ಒಂದು ಚಿತ್ರ ಉಳಿದಿದೆ. ಚಹಾ ಆದ ಮೇಲೆ ಯಾರಾದರೂ ಒಪ್ಪುವುದಾದರೆ ಆ ಕಿಟಕಿಯ ಪಕ್ಕಕ್ಕೆ ಕುರ್ಚಿ ಹಾಕಿಕೊಳ್ಳೋಣ. ನಾಲ್ಕು ಗಂಟೆಯವರೆಗೆ ಬೆಳಕಿರುತ್ತದೆ.